ಆರನೇ ಸಲಕ್ಕೆ ಸೋರದ ಜೋನಿ

ನಮ್ಮ ಮನೆ ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ, ಪೇಟೆಯಿಂದ 14 ಕಿಲೋಮೀಟರ್. ಇರುವುದು ಅಡಕೆ ತೋಟ. 2024ರ ಫೆಬ್ರವರಿಯಲ್ಲಿ ಜೋನಿಬೆಲ್ಲವನ್ನು (ಅಚ್ಚಿಗೆ ಹಾಕದ ನೀರುಬೆಲ್ಲ) ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದೆ. ಗಿರಾಕಿ ಹುಡುಕುವುದೇ ಕಷ್ಟ ಅಂದುಕೊಂಡಿದ್ದೆ. ಗಿರಾಕಿ ಸಿಕ್ಕರು. ಆದರೆ ಬಾಟಲಿಯಿಂದ ಜೋನಿ ಹೊರಗೆ ಬರದ ಹಾಗೆ ಮಾಡಲು ಮೂರು ತಿಂಗಳು ಹಿಡಿಯಿತು. ವಹಿಯಲ್ಲಿ ಗೀಚಿಟ್ಟಿದ್ದನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿದ್ದೇನೆ. ಯಾರಾದರೂ ಜೋನಿಯೋ ಜೇನುತುಪ್ಪವೋ ಉಪ್ಪಿನಕಾಯಿಯೋ ಕಳಿಸುವ ಯೋಚನೆಯಲ್ಲಿದ್ದರೆ ನನ್ನ ದುಡ್ಡಿನ ಪಾಠ ಅವರಿಗೆ ಪುಕ್ಕಟೆ ಸಿಗಲಿ.

1. ಫೆಬ್ರವರಿ 4: ಖರೀದಿ

ಆಲೆಮನೆ ಜೋರಾಗಿದ್ದ ಹೊತ್ತು. ಊರಿನ ಎರಡು ಆಲೆಮನೆಗಳಿಂದ ಆರು ಡಬ್ಬ ಜೋನಿ ತಂದೆವು. ಡಬ್ಬಕ್ಕೆ 18 ಕೆಜಿ, ಒಟ್ಟು 108 ಕೆಜಿ. ಕೆಜಿಗೆ 80 ರೂಪಾಯಿಯಂತೆ 8,640 ರೂಪಾಯಿ. ಒಂದು ಆಲೆಮನೆಯ ಪಾಕ ಗಟ್ಟಿ, ಇನ್ನೊಂದರದ್ದು ಸ್ವಲ್ಪ ತೆಳು. ತೆಳುವಿನದ್ದು ಬಣ್ಣ ಚಂದ, ಬಂಗಾರದ ಹಾಗೆ. ಫೋಟೋಕ್ಕೆ ಚೆನ್ನಾಗಿರುತ್ತದೆ ಅಂತ ಅದನ್ನೇ ನಾಲ್ಕು ಡಬ್ಬ ತಗೊಂಡೆ. ಅತ್ತೆ ಬೇಡ ಅಂದರು. ಕೇಳಲಿಲ್ಲ. ಇದರ ಫಲ ಜೂನ್ ತಿಂಗಳಲ್ಲಿ ಬರುತ್ತದೆ.

ಅದೇ ವಾರ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿಗೆ ಅರ್ಜಿ ಹಾಕಿದೆ. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಮೂಲ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಐದು ವರ್ಷಕ್ಕೆ ಒಟ್ಟಿಗೆ 500 ಕಟ್ಟಿದೆ. ಅವರ ಫೋಸ್ಕಾಸ್ ಎಂಬ ಜಾಲತಾಣದಲ್ಲಿ ನಾನೇ ತುಂಬಿದೆ, ಏಜೆಂಟ್ ಬೇಕಾಗಲಿಲ್ಲ. ನೆಟ್‌ವರ್ಕ್ ಮಾತ್ರ ಬೇಕಾಯಿತು. ಅದಕ್ಕಾಗಿ ಗುಡ್ಡದ ಮೇಲಿನ ಬೇಣಕ್ಕೆ ಎರಡು ಸಲ ಹತ್ತಿದೆ. 14 ಅಂಕಿಯ ನಂಬರ್ ಒಂಬತ್ತನೇ ದಿನಕ್ಕೆ ಬಂತು.

2. ಫೆಬ್ರವರಿ 18: ಫೋಟೋ

ಮೊದಲ ದಿನ ಅಡುಗೆಮನೆಯಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಸ್ಟೀಲ್ ಬಟ್ಟಲಲ್ಲಿ ಜೋನಿ ಹಾಕಿ ಫೋಟೋ ತೆಗೆದೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ ಕೂಡಲೇ ಬೆಂಗಳೂರಿನ ನಾದಿನಿ ಕೇಳಿದಳು: "ಅತ್ತಿಗೆ, ಪಂಪ್‌ಸೆಟ್ಟಿಗೆ ಹಾಕೋ ಗ್ರೀಸಾ ಇದು?"

ಎರಡನೇ ಸಲ ಬೆಳಿಗ್ಗೆ ಎಂಟು ಗಂಟೆಗೆ ಜಗಲಿಯಲ್ಲಿ ಕೂತೆ. ಬಾಳೆ ಎಲೆ ಮೇಲೆ ಒಂದು ತೆಳ್ಳೇವು (ತೆಳು ದೋಸೆ), ಅದರ ಮೇಲೆ ಜೋನಿ, ಪಕ್ಕದಲ್ಲಿ ತುಪ್ಪ. ಬೆಳಕು ಹಿಂದಿನಿಂದ ಬರುವ ಹಾಗೆ ಕೂತರೆ ಜೋನಿ ಹೊಳೆಯುತ್ತದೆ, ಎದುರಿನಿಂದ ಬಂದರೆ ಕಪ್ಪಾಗುತ್ತದೆ. ಒಂದು ವಿಡಿಯೋ ಸಹ ಮಾಡಿದೆ. ಚಮಚದಿಂದ ಜೋನಿ ನೂಲಿನ ಹಾಗೆ ಇಳಿಯುವ 12 ಸೆಕೆಂಡು, ಅಷ್ಟೇ. ಖರ್ಚು ಸೊನ್ನೆ. ತೆಳ್ಳೇವು ಮಗನ ಹೊಟ್ಟೆಗೆ ಹೋಯಿತು.

ಅಂಗಡಿ ಅಂದರೆ ವಾಟ್ಸಾಪ್ ಬಿಸಿನೆಸ್ ಮಾತ್ರ. ಕ್ಯಾಟಲಾಗ್‌ನಲ್ಲಿ ಮೂರು ಸಾಮಾನು: ಜೋನಿ, ಹಲಸಿನ ಹಪ್ಪಳ, ತೊಡದೇವು (ಕಾಗದದಷ್ಟು ತೆಳು ಸಿಹಿತಿಂಡಿ). ಜಾಲತಾಣ ಮಾಡಿಸುವುದಕ್ಕೆ ಒಬ್ಬರು 18,000 ಕೇಳಿದ್ದರು. ಬೇಡ ಅಂದಿದ್ದು ಇಡೀ ವರ್ಷದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ.

3. ಮೊದಲ ಸಲ, ಫೆಬ್ರವರಿ 26: ಗಾಜಿನ ಬಾಟಲಿ

500 ಮಿಲಿ ಗಾಜಿನ ಬಾಟಲಿ, ತಗಡಿನ ಮುಚ್ಚಳ. ಒಂದಕ್ಕೆ 28 ರೂಪಾಯಿ. 48 ತಂದೆ. ರಟ್ಟಿನ ಪೆಟ್ಟಿಗೆ 30×20×20 ಸೆಂಟಿಮೀಟರ್, ನೂರು ತಗೊಂಡರೆ ಅಗ್ಗ ಅಂತ ನೂರೂ ತಗೊಂಡೆ. ಒಂದೇ ಅಳತೆ ಎಲ್ಲದಕ್ಕೂ ಆಗುತ್ತದೆ ಅಂತ ಲೆಕ್ಕ.

ಲೇಬಲ್ ಮೇಲೆ "ನಿವ್ವಳ ತೂಕ 500 ಗ್ರಾಂ" ಅಂತ ಮುದ್ರಿಸಿದೆ. ಬಾಟಲಿ ಕುತ್ತಿಗೆಯವರೆಗೆ ತುಂಬಿದೆ. ತೂಗಲಿಲ್ಲ. 500 ಮಿಲಿ ಅಂದರೆ 500 ಗ್ರಾಂ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಸುಮಾರು 30 ಬಾಟಲಿ ಹೋದ ಮೇಲೆ ಮಾವ ಸುಮ್ನೆ ಕುತೂಹಲಕ್ಕೆ ಒಂದನ್ನು ತಕ್ಕಡಿಗೆ ಇಟ್ಟರು. ಗಾಜಿನ ತೂಕ 260 ಗ್ರಾಂ ಕಳೆದು ನೋಡಿದರೆ ಜೋನಿ 700 ಗ್ರಾಂ. ನೀರಿಗಿಂತ ಜೋನಿ ಸುಮಾರು 1.4 ಪಟ್ಟು ಭಾರ. ಅಂದರೆ ಪ್ರತಿ ಗಿರಾಕಿಗೂ 200 ಗ್ರಾಂ ಪುಕ್ಕಟೆ ಕೊಟ್ಟಿದ್ದೆ. ಒಬ್ಬರೂ ದೂರು ಹೇಳಲಿಲ್ಲ, ಅಲ್ವಾ ಮತ್ತೆ!

ಪ್ಯಾಕಿಂಗ್‌ಗೆ ತೋಟದ ಒಣ ಅಡಕೆ ಹಾಳೆಯನ್ನು ಸೀಳಿ ಸುತ್ತಿದ್ದೆ. ನೋಡಲು ಚಂದ, ಖರ್ಚಿಲ್ಲ, ಜನ ಹೊಗಳಿದರು. ಮೊದಲ ಹತ್ತು ಪಾರ್ಸೆಲ್‌ನಲ್ಲಿ ಎರಡು ಒಡೆದವು, ಒಂದು ಮುಚ್ಚಳದಿಂದ ಸೋರಿತು. ಹಾಳೆ ಗಟ್ಟಿ, ಆದರೆ ಪೆಟ್ಟು ಕುಡಿಯುವುದಿಲ್ಲ. ಪೆಟ್ಟು ನೇರ ಗಾಜಿಗೆ ಹೋಗುತ್ತದೆ.

4. ಎರಡನೇ ಸಲ, ಮಾರ್ಚ್ 8: ಗಾಜಿಗೆ ಬಬಲ್ ಸುತ್ತು

ಬಬಲ್ ಶೀಟ್ ರೋಲ್ 640 ರೂಪಾಯಿ. ಬಾಟಲಿಗೆ ಮೂರು ಸುತ್ತು, ಮುಚ್ಚಳಕ್ಕೆ ಟೇಪು. ಒಡೆಯುವುದು ನಿಂತಿತು. ಸೋರುವುದು ನಿಲ್ಲಲಿಲ್ಲ. ತಗಡಿನ ಮುಚ್ಚಳದ ಒಳಗಿನ ರಬ್ಬರು ನೆಟ್ಟಗೆ ಕೂತರೆ ಸರಿ, ಬಾಟಲಿ ಬಾಯಿಗೆ ಒಂದು ಹನಿ ಜೋನಿ ತಾಗಿದ್ದರೂ ಮುಚ್ಚಳ ಜಾರಿ ಸಡಿಲಾಗುತ್ತದೆ. ಟೇಪು ಹಚ್ಚಿದ್ದು ಬರೀ ಸಮಾಧಾನಕ್ಕೆ.

ಮಾರ್ಚ್ 14ಕ್ಕೆ ಕೊರಿಯರ್ ಅಂಗಡಿಯ ಹುಡುಗನ ಫೋನು. "ಅಕ್ಕಾ, ನಿಮ್ಮ ಪೆಟ್ಟಿಗೆ ಅಳ್ತಾ ಇದೆ. ಕೆಳಗೆ ಇನ್ನೊಬ್ಬರ ಸೀರೆ ಪಾರ್ಸೆಲ್ ಇದೆ." ಓಡಿದೆ. ಸೀರೆ ಪ್ಲಾಸ್ಟಿಕ್ ಚೀಲದಲ್ಲಿತ್ತು, ಬಚಾವಾದೆ. ಆದರೆ ಕೌಂಟರಿನ ತುಂಬ ಇರುವೆ. ಬಿಸಿನೀರು, ಬಟ್ಟೆ ತಗೊಂಡು ನಾನೇ ಒರೆಸಿದೆ. ಅಲ್ಲಿಂದ ಮುಂದೆ ಪ್ರತಿ ಬಾಟಲಿಯನ್ನೂ ಒಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಸಿ ಮಾಡಿ ಅಂಟಿಸಿ, ಆಮೇಲೆ ಪೆಟ್ಟಿಗೆಗೆ ಹಾಕುತ್ತೇನೆ. ಚೀಲಕ್ಕೆ ಒಂದೂವರೆ ರೂಪಾಯಿ. ಬಾಟಲಿ ಸೋರಿದರೂ ಪಕ್ಕದವರ ಸೀರೆ ಉಳಿಯಬೇಕು.

ಮಾರ್ಚ್ 19ರಿಂದ 27 ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದು ಗೊತ್ತೇ ಇತ್ತು, ಆದರೂ 17ಕ್ಕೆ ಹನ್ನೊಂದು ಪಾರ್ಸೆಲ್ ಕೊಟ್ಟು ಬಂದಿದ್ದೆ. ಪೇಟೆಯಲ್ಲಿ ಗಾಡಿ ಆಡುವಂತಿಲ್ಲ, ಪಾರ್ಸೆಲ್ ಗೋದಾಮಿನಲ್ಲೇ ಕೂತವು. ಮಾರ್ಚಿನ ಬಿಸಿಲಿಗೆ ಜೋನಿ ಇನ್ನೂ ತೆಳುವಾಗಿ ಮೂರು ಸೋರಿದವು. ನಾನು ಜಾತ್ರೆಯಲ್ಲಿ ಬಳೆ ಕೊಳ್ಳುತ್ತಿದ್ದೆ.

5. ಮಾರ್ಚ್ 31: ಬಿಲ್ ಬಂತು

ಕೊರಿಯರ್ ಅಂಗಡಿಯಲ್ಲಿ ಖಾತೆ ಇಟ್ಟಿದ್ದೆ. ತಿಂಗಳ ಕೊನೆಗೆ ಒಟ್ಟು ಬಿಲ್. ಹೀಗಾಗಿ ಒಂದೊಂದು ಪಾರ್ಸೆಲ್‌ಗೆ ಎಷ್ಟಾಗುತ್ತಿದೆ ಅಂತ ನೋಡಿಯೇ ಇರಲಿಲ್ಲ. ಗಿರಾಕಿಯಿಂದ ಬಾಟಲಿಗೆ 110, ಕಳಿಸುವುದಕ್ಕೆ 60, ಒಟ್ಟು 170 ರೂಪಾಯಿ ತಗೊಳ್ಳುತ್ತಿದ್ದೆ. ಅವತ್ತು ರಾತ್ರಿ ಕೂತು ಬರೆದ ಲೆಕ್ಕ ಇಲ್ಲಿದೆ, ಒಂದು ಬಾಟಲಿಯ ಪಾರ್ಸೆಲ್‌ಗೆ:

ಜೋನಿ 700 ಗ್ರಾಂ: 56
ಬಾಟಲಿ: 28
ಪೆಟ್ಟಿಗೆ, ಬಬಲ್, ಟೇಪು: 24
ಲೇಬಲ್: 3
ಕೊರಿಯರ್: 165
ಒಟ್ಟು: 276

ಬಂದಿದ್ದು 170. ಹೋಗಿದ್ದು 276. ಪ್ರತಿ ಪಾರ್ಸೆಲ್‌ಗೂ 106 ರೂಪಾಯಿ ಕೈಯಿಂದ ಹಾಕಿ ಜನರಿಗೆ ಜೋನಿ ತಿನ್ನಿಸಿದ್ದೆ. ಅಂಥವು 38 ಪಾರ್ಸೆಲ್. ನಾಲ್ಕು ಸಾವಿರದ ಮೇಲಾಯಿತು. ಮನೆಯವರಿಗೆ ಎರಡು ದಿನ ಹೇಳಲಿಲ್ಲ.

165 ಯಾಕೆ ಬಂತು? ಪಾರ್ಸೆಲ್ ನಿಜವಾಗಿ 1.2 ಕೆಜಿಯೂ ಇರಲಿಲ್ಲ. ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ನನ್ನ ಪೆಟ್ಟಿಗೆ 30×20×20, ಅಂದರೆ 12,000. ಭಾಗಿಸಿದರೆ 2.4 ಕೆಜಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು, ಅದೂ ಮುಂದಿನ ಅರ್ಧ ಕೆಜಿಗೆ ಏರಿಸಿ. ಹೀಗೆ ಎರಡೂವರೆ ಕೆಜಿಯ ದರ ಬಿತ್ತು. ಅರ್ಧ ಪೆಟ್ಟಿಗೆ ಗಾಳಿಯನ್ನು ಬೆಂಗಳೂರಿಗೆ ದುಡ್ಡು ಕೊಟ್ಟು ಕಳಿಸಿದ ಹಾಗಾಯಿತು.

ಉಳಿದ 50 ಚಿಲ್ಲರೆ ಪೆಟ್ಟಿಗೆ ಈಗ ಅಡಕೆ ಕತ್ತಿ, ಹಳೇ ಚಪ್ಪಲಿ, ಮಗನ ಆಟಿಕೆ ತುಂಬಲು ಉಪಯೋಗವಾಗಿವೆ.

6. ಮೂರನೇ ಸಲ, ಏಪ್ರಿಲ್ 12: ಪ್ಲಾಸ್ಟಿಕ್ ಬಾಟಲಿ, ಬಿಸಿ ಜೋನಿ

ಹುಬ್ಬಳ್ಳಿಗೆ ಹೋಗಿ ಪೆಟ್ ಬಾಟಲಿ ತಂದೆ. ಈ ಸಲ ಮೊದಲು ಲೆಕ್ಕ, ಆಮೇಲೆ ಖರೀದಿ. ಅರ್ಧ ಕೆಜಿ ಜೋನಿಗೆ ಸುಮಾರು 357 ಮಿಲಿ ಜಾಗ ಬೇಕು, ಹಾಗಾಗಿ 400 ಮಿಲಿ ಬಾಟಲಿ. ಒಂದು ಕೆಜಿಗೆ 715 ಮಿಲಿ, ಹಾಗಾಗಿ 750 ಮಿಲಿ ಬಾಟಲಿ. ಮೇಲೆ ಎರಡು ಬೆರಳು ಖಾಲಿ ಉಳಿಯಬೇಕು. 750ರದ್ದು ತೂಕ 45 ಗ್ರಾಂ. ಬೆಲೆ 15 ರೂಪಾಯಿ.

ಬಿಸಿ ಇರುವಾಗಲೇ ತುಂಬಿ ಮುಚ್ಚಿದರೆ ಕೆಡುವುದಿಲ್ಲ ಅಂತ ಯಾರೋ ಹೇಳಿದ್ದರು. ಜೋನಿ ಕಾಯಿಸಿ, ಕೊಳವೆ ಇಟ್ಟು ಹೊಯ್ದೆ. ಕಣ್ಣೆದುರೇ ಬಾಟಲಿಯ ಸೊಂಟ ಒಳಗೆ ಹೋಯಿತು, ಕುತ್ತಿಗೆ ವಾಲಿತು. ಏಳು ಬಾಟಲಿ ಹಾಗೇ ಕುಗ್ಗಿ ಕೂತವು. ಗಾಜಿಗೆ ಸರಿಹೋಗುವ ಬುದ್ಧಿಯನ್ನು ಪೆಟ್ ಬಾಟಲಿಗೆ ಹಚ್ಚಿದ್ದೆ. ಪೆಟ್ ಬಾಟಲಿ 70 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ.

ಈಗ ಜೋನಿಯನ್ನು ಕಾಯಿಸಿ, ಮುಚ್ಚಿ ಆರಲು ಬಿಟ್ಟು, ಪಾತ್ರೆಯ ಹೊರಮೈ ಕೈ ತಡೆಯುವಷ್ಟಾದ ಮೇಲೆ ತುಂಬುತ್ತೇನೆ. ಥರ್ಮಾಮೀಟರ್‌ನಲ್ಲಿ 45 ಡಿಗ್ರಿ. ಅದಕ್ಕಿಂತ ತಣ್ಣಗಾದರೆ ಕೊಳವೆಯಲ್ಲಿ ಇಳಿಯುವುದೇ ಇಲ್ಲ, ಒಂದು ಬಾಟಲಿ ತುಂಬುವಷ್ಟರಲ್ಲಿ ಒಂದು ಊಟ ಮುಗಿಯುತ್ತದೆ.

7. ನಾಲ್ಕನೇ ಸಲ, ಏಪ್ರಿಲ್ 25: ಬರೀ ಮುಚ್ಚಳ

ಕೈ ತಡೆಯುವಷ್ಟು ಆರಿದ ಮೇಲೆ ತುಂಬಿದೆ, ಮುಚ್ಚಳ ಬಿಗಿ ಮಾಡಿದೆ. ಕಳಿಸುವ ಮೊದಲು ಪರೀಕ್ಷೆ ಮಾಡುವ ಬುದ್ಧಿ ಅಷ್ಟರಲ್ಲಿ ಬಂದಿತ್ತು. ಹತ್ತು ಬಾಟಲಿಗಳನ್ನು ಹಳೇ ಪೇಪರ್ ಮೇಲೆ ತಲೆಕೆಳಗಾಗಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಆರು ಬಾಟಲಿಯ ಕೆಳಗೆ ಉಂಗುರ. ಹಾಗಾಗಿ ಈ ಸಲದ್ದು ಮನೆ ಬಿಟ್ಟು ಹೋಗಲೇ ಇಲ್ಲ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ದುಡ್ಡು ಉಳಿಸಿದ್ದು ಈ ಹಳೇ ಪೇಪರ್ ಪರೀಕ್ಷೆ.

8. ಐದನೇ ಸಲ, ಮೇ 9: ಇಂಡಕ್ಷನ್ ಸೀಲ್

ಕೈಯಲ್ಲಿ ಹಿಡಿಯುವ ಇಂಡಕ್ಷನ್ ಸೀಲಿಂಗ್ ಮಷೀನ್, 4,200 ರೂಪಾಯಿ. ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ ಅಂಟಿದ ಬಿಲ್ಲೆ ಇರಬೇಕು, ಒಂದಕ್ಕೆ 2 ರೂಪಾಯಿ. ಮುಚ್ಚಳ ಹಾಕಿ, ಮೇಲೆ ಮಷೀನ್ ಇಟ್ಟು ಬಟನ್ ಒತ್ತಿದರೆ ಬಿಲ್ಲೆ ಬಾಟಲಿ ಬಾಯಿಗೆ ಅಂಟುತ್ತದೆ. ಪ್ಲಾಸ್ಟಿಕ್ ಮುಚ್ಚಳಕ್ಕೆ ಮಾತ್ರ. ಉಳಿದಿದ್ದ ಗಾಜಿನ ಬಾಟಲಿಯ ತಗಡಿನ ಮುಚ್ಚಳದ ಮೇಲೆ ಒಮ್ಮೆ ಇಟ್ಟು ನೋಡಿದೆ. ತಗಡು ಕಾದು ಬೆರಳು ಸುಟ್ಟುಕೊಂಡೆ.

ಎಷ್ಟು ಹೊತ್ತು ಒತ್ತಬೇಕು ಅಂತ ಹುಡುಕಲು 20 ಬಿಲ್ಲೆ ಹಾಳಾದವು. 63 ಮಿಲಿಮೀಟರ್ ಬಾಯಿಗೆ ಒಂದೂವರೆ ಸೆಕೆಂಡಿಗೆ ಅಂಟಲಿಲ್ಲ. 4 ಸೆಕೆಂಡಿಗೆ ಸುಟ್ಟ ವಾಸನೆ, ಬಿಲ್ಲೆ ಕಪ್ಪು. ಎರಡೂವರೆಗೆ ಸರಿಯಾಯಿತು. ಪೇಪರ್ ಪರೀಕ್ಷೆ ಪಾಸು. ಮಾವ ಸೊಂಟದ ಎತ್ತರದಿಂದ ಪೆಟ್ಟಿಗೆಯನ್ನು ಮೂಲೆ ಕೆಳಗಾಗಿ ಅಂಗಳಕ್ಕೆ ಹಾಕಿದರು. ಐದು ಸಲ. ಪಾಸು. ಅವರಿಗೆ ಈ ಕೆಲಸ ಬಹಳ ಇಷ್ಟವಾಗಿ ಆರನೇ ಸಲವೂ ಹಾಕಿದರು.

22 ಪಾರ್ಸೆಲ್ ಕಳಿಸಿದೆ. ಐದು ಸೋರಿದವು!

ತಲೆ ಕೆಟ್ಟುಹೋಯಿತು. ಅದೇ ಮಷೀನ್, ಅದೇ ಎರಡೂವರೆ ಸೆಕೆಂಡು. ಸೋರಿದ ಐದರ ಪ್ಯಾಕಿಂಗ್ ಹೊತ್ತನ್ನು ವಹಿಯಲ್ಲಿ ನೋಡಿದೆ. ಐದೂ ಸಂಜೆ ಏಳರ ಮೇಲೆ ಸೀಲ್ ಮಾಡಿದ್ದು. ಹಳೇ ಸ್ಟೆಬಿಲೈಜರ್‌ನ ಮುಳ್ಳು ನೋಡಿದೆ. ಬೆಳಿಗ್ಗೆ 225 ವೋಲ್ಟ್, ಸಂಜೆ 180. ನಮ್ಮ ಲೈನಿನ ಕೊನೇ ಮನೆ ನಮ್ಮದು, ಸಂಜೆ ಬಲ್ಬೇ ಕೆಂಪಗಾಗುತ್ತದೆ. ಮಷೀನಿಗೂ ಅದೇ ಗತಿ. ಬಿಲ್ಲೆ ಅಂಟಿದ ಹಾಗೆ ಕಾಣುತ್ತದೆ, ಆದರೆ ಅರ್ಧ ಸುತ್ತು ಮಾತ್ರ.

9. ಆರನೇ ಸಲ, ಮೇ 28

ಈಗಿನ ಕ್ರಮ ಇದು. ತುಂಬುವುದು ಬೆಳಿಗ್ಗೆ, ಸೀಲ್ ಮಾಡುವುದು ಮಧ್ಯಾಹ್ನದೊಳಗೆ. ಉದ್ದ ಕೊಳವೆ, ಅದರ ತುದಿ ಬಾಟಲಿಯ ಒಳಗೆ ಎರಡು ಇಂಚು ಇಳಿದಿರಬೇಕು, ಬಾಯಿಗೆ ತಾಗಬಾರದು. ತಾಗಿದರೆ ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಮುಳ್ಳು 210ಕ್ಕಿಂತ ಕೆಳಗಿದ್ದರೆ ಮಷೀನ್ ಮುಟ್ಟುವುದಿಲ್ಲ. ಸೀಲ್ ಆದ ಮೇಲೆ ಮುಚ್ಚಳ ತೆಗೆದು ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು, ಮತ್ತೆ ಮುಚ್ಚುವುದು. ಒಂದು ರಾತ್ರಿ ಪೇಪರ್ ಮೇಲೆ ತಲೆಕೆಳಗು. ಪೆಟ್ಟಿಗೆ 26×15×18. ಒಳಗೆ ಎರಡು ಬಾಟಲಿ, ನಡುವೆ ರಟ್ಟಿನ ತುಂಡು, ಸುತ್ತ ಮುದುಡಿದ ಪೇಪರ್. ಅಲುಗಿಸಿದರೆ ಸದ್ದು ಬರಬಾರದು.

ಅಲ್ಲಿಂದ ಡಿಸೆಂಬರ್‌ವರೆಗೆ ಕಳಿಸಿದ 163 ಪಾರ್ಸೆಲ್‌ನಲ್ಲಿ ಸೀಲ್ ಬಿಟ್ಟು ಸೋರಿದ್ದು ಎರಡು.

ಒಂದು ಬಾಟಲಿ ಮಾರುವುದನ್ನೇ ಬಿಟ್ಟೆ. ಈಗ ಕಮ್ಮಿ ಅಂದರೆ ಒಂದೊಂದು ಕೆಜಿಯ ಎರಡು ಬಾಟಲಿ, ಕಳಿಸುವ ಖರ್ಚು ಸೇರಿ 520 ರೂಪಾಯಿ. ಹಲವು ಕೊರಿಯರ್‌ಗಳ ದರ ಒಟ್ಟಿಗೆ ತೋರಿಸುವ ಆ್ಯಪ್‌ನಲ್ಲಿ ಬುಕ್ ಮಾಡಿದರೆ ರಾಜ್ಯದೊಳಗೆ ಎರಡೂವರೆ ಕೆಜಿಗೆ 130ಕ್ಕೆ ಆಗುತ್ತದೆ. ಜೋನಿ 160, ಬಾಟಲಿ ಮತ್ತು ಬಿಲ್ಲೆ 34, ಲೇಬಲ್ 6, ಪ್ಯಾಕಿಂಗ್ 32. ಒಟ್ಟು 362. ಉಳಿಯುವುದು 158. ಇದರಲ್ಲಿ ಪೇಟೆಗೆ ಹೋಗಿಬರುವ ಪೆಟ್ರೋಲ್ ಮತ್ತು ನನ್ನ ಸಂಬಳ ಇಲ್ಲ.

10. ಜೂನ್ 20: ಹುಳಿ

ಮಳೆ ಹಿಡಿದು ಎರಡು ವಾರ. ಬೆಳಿಗ್ಗೆ ಉಗ್ರಾಣದಿಂದ ಅತ್ತೆ ಕೂಗಿದರು. "ಕೂಸೇ, ಡಬ್ಬದಿಂದ ಹುಳಿ ವಾಸನೆ ಬತ್ತಾ ಇದ್ದು."

ತೆಳು ಪಾಕದ ಬಂಗಾರದ ಬಣ್ಣದ ಜೋನಿ. ಮೇಲೆ ನೊರೆ, ಮುಚ್ಚಳ ಉಬ್ಬಿದೆ. ಒಂದೂವರೆ ಡಬ್ಬ ಉಳಿದಿತ್ತು, 27 ಕೆಜಿ. ಅದೇ ಡಬ್ಬದಿಂದ ತುಂಬಿ ಕಳಿಸಿದ್ದ ಬಾಟಲಿಗಳ ಫೋಟೋ ಮರುದಿನದಿಂದ ಬರತೊಡಗಿತು. ಬಿಲ್ಲೆ ಗುಮ್ಮಟದ ಹಾಗೆ ಎದ್ದಿದೆ. ಸೀಲ್ ಗಟ್ಟಿಯಾಗಿ ಕೂತಿದ್ದಕ್ಕೇ ಗಾಳಿ ಹೊರಗೆ ಹೋಗಲಿಲ್ಲ. ನಾನು ಅಷ್ಟು ಒದ್ದಾಡಿ ಮಾಡಿದ ಸೀಲು! ಒಂಬತ್ತು ಜನರಿಗೆ ಪೂರ್ತಿ ದುಡ್ಡು ವಾಪಸ್, 4,680 ರೂಪಾಯಿ. 27 ಕೆಜಿ ಜೋನಿ ಗೊಬ್ಬರಗುಂಡಿಗೆ.

ಗಟ್ಟಿ ಪಾಕದ ಜೋನಿಗೆ ಏನೂ ಆಗಿರಲಿಲ್ಲ. ಕಣ್ಣಂದಾಜಿನಲ್ಲಿ ಇನ್ನು ಬೇಡ ಅಂತ ಬ್ರಿಕ್ಸ್ (ಪಾಕದಲ್ಲಿ ಸಕ್ಕರೆ ಎಷ್ಟಿದೆ ಅನ್ನುವ ಅಳತೆ) ಅಳೆಯುವ ಕೊಳವೆ ತರಿಸಿದೆ, 950 ರೂಪಾಯಿ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಗೆರೆ ಕಾಣಬೇಕು. ಗೆರೆಯೇ ಇಲ್ಲ. ಮೂರು ದಿನ ಮಷೀನ್ ಹಾಳು ಅಂತ ಬೈದೆ. ಆಮೇಲೆ ಪೆಟ್ಟಿಗೆ ಓದಿದರೆ ಅದು 0ಯಿಂದ 32ರವರೆಗೆ ಅಳೆಯುವಂಥದ್ದು, ಕಬ್ಬಿನ ಹಾಲಿಗೆ ಸರಿ. ಜೋನಿ ಎಪ್ಪತ್ತರ ಮೇಲಿರುತ್ತದೆ. ಜೇನುತುಪ್ಪಕ್ಕೆ ಅಂತ ಬರುವ 58ರಿಂದ 90ರದ್ದು ಮತ್ತೆ ತರಿಸಿದೆ, 1,650 ರೂಪಾಯಿ. ಹುಳಿ ಬಂದ ಡಬ್ಬದ ತಳದಲ್ಲಿ ಉಳಿದದ್ದು 69 ತೋರಿಸಿತು. ಗಟ್ಟಿಯದ್ದು 77. ಈಗ 75ಕ್ಕಿಂತ ಕಮ್ಮಿ ಇದ್ದರೆ ಡಬ್ಬ ಎತ್ತುವುದಿಲ್ಲ. ಕೊಳವೆ ಹಿಡಿದು ಆಲೆಮನೆಗೆ ಹೋದರೆ ಕೊಪ್ಪರಿಗೆ ಹತ್ತಿರ ನಿಂತವರು ನಗುತ್ತಾರೆ. ನಗಲಿ.

ಅಡಕೆ ಹಾಳೆಯ ಆಸೆಯೂ ಇದೇ ತಿಂಗಳು ಮುಗಿಯಿತು. ಚಂದಕ್ಕೆ ಅಂತ ಪೆಟ್ಟಿಗೆಯ ಮೇಲೊಂದು ತುಂಡು ಇಡುತ್ತಿದ್ದೆ. ಮಳೆಗಾಲದಲ್ಲಿ ಬಿಳಿ ಬೂಸಲು ಬಂದು, "ಇದು ತಿನ್ನೋಕೆ ಆಗುತ್ತಾ?" ಅಂತ ಗಿರಾಕಿ ಫೋಟೋ ಕಳಿಸಿದರು.

11. ಜುಲೈ

16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಯಿತು. ಕಾರವಾರಕ್ಕೆ ಎರಡು, ಅಂಕೋಲೆಗೆ ಒಂದು ಪಾರ್ಸೆಲ್ ದಾರಿಯಲ್ಲಿದ್ದವು. ಜನ ಮಣ್ಣಿನಡಿ ಹೋಗಿದ್ದರು. ನನ್ನ ಪೆಟ್ಟಿಗೆ ಎಲ್ಲಿ ಅಂತ ಕೊರಿಯರ್‌ನವರನ್ನು ಕೇಳುವ ಮನಸ್ಸಾಗಲಿಲ್ಲ. ಮೂವರಿಗೂ ಮೆಸೇಜ್ ಹಾಕಿ ದುಡ್ಡು ವಾಪಸ್ ಬೇಕಾ ಅಂತ ಕೇಳಿದೆ. ಮೂವರೂ ಬೇಡ ಅಂದರು. ಹನ್ನೆರಡನೇ ದಿನಕ್ಕೆ ಮುಟ್ಟಿದವು. ಗಟ್ಟಿ ಪಾಕದ್ದು, ಕೆಟ್ಟಿರಲಿಲ್ಲ.

ಆ ತಿಂಗಳು ಹೊಸ ಆರ್ಡರ್ ತಗೊಳ್ಳಲಿಲ್ಲ. ಲೆಕ್ಕಪತ್ರದ ಕೆಲಸ ಮುಗಿಸಿದೆ. ಮುಂಬೈಯಿಂದ ಎಂಟು ಬಾಟಲಿಗೆ ಆರ್ಡರ್ ಬಂದಿತ್ತು, ಕಳಿಸುವ ಮೊದಲು ಸಿಎ ಹತ್ತಿರ ಕೇಳಿದ್ದು ಒಳ್ಳೆಯದಾಯಿತು. ರಾಜ್ಯದೊಳಗೆ ಸರಕು ಮಾರುವುದಾದರೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ 5 ಪರ್ಸೆಂಟ್. ನನ್ನದು ಲೇಬಲ್ ಹಚ್ಚಿದ್ದು. ಹಾಗಾಗಿ ಸದ್ಯಕ್ಕೆ ಕರ್ನಾಟಕ ಮಾತ್ರ. ಕಾರವಾರ ದಾಟಿದರೆ ಸಿಗುವ ಗೋವಾಕ್ಕೂ ಇಲ್ಲ ಅನ್ನಬೇಕಾಗಿದೆ.

12. ಆಗಸ್ಟ್: ಪ್ರಚಾರ

ಬಾಟಲಿ ಸೋರುತ್ತಿರುವಾಗ ಪ್ರಚಾರ ಮಾಡಿದರೆ ದೂರು ಜಾಸ್ತಿಯಾಗುತ್ತದೆ ಅಷ್ಟೇ. ಅದು ಗೊತ್ತಾದದ್ದು ಮಾರ್ಚಿನಲ್ಲಿ. ಆಗ ಇನ್‌ಸ್ಟಾಗ್ರಾಂನಲ್ಲಿ ಬೂಸ್ಟ್ ಬಟನ್ ಒತ್ತಿ 1,500 ರೂಪಾಯಿ ಹಾಕಿದ್ದೆ. ಐದು ದಿನಕ್ಕೆ 412 ಲೈಕು, 9 ಮೆಸೇಜು, ಆರ್ಡರ್ ಒಂದೂ ಇಲ್ಲ. ಊರು ಆರಿಸುವ ಜಾಗವನ್ನು ಮುಟ್ಟದೇ ಬಿಟ್ಟಿದ್ದೆ. ಜೋನಿ ಅಂದರೇನು ಅಂತ ಹಿಂದಿಯಲ್ಲಿ ಕೇಳುವವರಿಗೆ ಉತ್ತರ ಬರೆಯುವುದೇ ಕೆಲಸವಾಯಿತು.

ಚೌತಿಗೆ ಮೂರು ವಾರ ಇರುವಾಗ ಮತ್ತೆ ಹಾಕಿದೆ, ಈ ಸಲ 900 ರೂಪಾಯಿ. ಬೆಂಗಳೂರು ಮಾತ್ರ. ಅದೇ 12 ಸೆಕೆಂಡಿನ ವಿಡಿಯೋ, ಮೇಲೆ ಒಂದು ಸಾಲು: "ತೆಳ್ಳೇವು ನೀವು ಹೊಯ್ಯಿ, ಜೋನಿ ನಾವು ಕಳಿಸ್ತೇವೆ." ಒತ್ತಿದರೆ ನೇರ ವಾಟ್ಸಾಪ್‌ಗೆ ಬರುವ ಹಾಗೆ. 41 ಮೆಸೇಜು, 14 ಆರ್ಡರ್. ತೆಳ್ಳೇವು ಅಂದರೆ ಏನು ಅಂತ ಒಬ್ಬರೂ ಕೇಳಲಿಲ್ಲ. ಗೊತ್ತಿಲ್ಲದವರು ಮುಂದೆ ಹೋದರು, ಗೊತ್ತಿದ್ದವರು ನಿಂತರು.

ಬ್ರಾಡ್‌ಕಾಸ್ಟ್ ಪಟ್ಟಿಯದ್ದೊಂದು ಪೆಟ್ಟು. ವಾಟ್ಸಾಪ್‌ನಲ್ಲಿ ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿ ಅದು. ಒಂದು ಪಟ್ಟಿಗೆ 256 ಜನ. ಹಳೇ ಗಿರಾಕಿಗಳು 140 ಜನರನ್ನು ಸೇರಿಸಿ ಚೌತಿ ಮೆಸೇಜ್ ಹಾಕಿದೆ. ಮುಟ್ಟಿದ್ದು 37 ಜನರಿಗೆ. ನನ್ನ ನಂಬರನ್ನು ಅವರ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ. ಈಗ ಪೆಟ್ಟಿಗೆಯೊಳಗೆ ಒಂದು ಚೀಟಿ ಇಡುತ್ತೇನೆ. ಒಂದು ಬದಿಗೆ "ಈ ನಂಬರನ್ನು ಶಿರಸಿ ಜೋನಿ ಅಂತ ಸೇವ್ ಮಾಡಿಕೊಳ್ಳಿ, ಮುಂದಿನ ಆಲೆಮನೆ ಸುದ್ದಿ ಬರುತ್ತದೆ." ಇನ್ನೊಂದು ಬದಿಗೆ "ತಳದಲ್ಲಿ ಹರಳು ಕಟ್ಟಿದರೆ ಅದು ಕಬ್ಬಿನದೇ, ನಾವು ಸಕ್ಕರೆ ಬೆರೆಸಿಲ್ಲ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಇಡಿ." ಚೀಟಿಗೆ 60 ಪೈಸೆ. ಹರಳಿನ ಬಗ್ಗೆ ಜಗಳ ಪೂರ್ತಿ ನಿಂತಿತು. ದೀಪಾವಳಿಯಲ್ಲಿ ಬಂದ 58 ಆರ್ಡರ್‌ನಲ್ಲಿ 31 ಹಳಬರದ್ದು.

ದುಡ್ಡಿನ ಎರಡು ತಪ್ಪು ಇಲ್ಲೇ ಬರೆದುಬಿಡುತ್ತೇನೆ. ಒಬ್ಬರು ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಕಳಿಸಿದರು, ನಾನು ಪಾರ್ಸೆಲ್ ಕಳಿಸಿದೆ, ದುಡ್ಡು ಬರಲೇ ಇಲ್ಲ. ಆಮೇಲೆ ನೋಡಿದರೆ ಸ್ಕ್ರೀನ್‌ಶಾಟ್‌ನಲ್ಲಿ ತಾರೀಖು ಹಿಂದಿನ ತಿಂಗಳದ್ದು. ಈಗ ಬ್ಯಾಂಕ್ ಖಾತೆ ತೆರೆದು ನೋಡದೆ ಪೆಟ್ಟಿಗೆಗೆ ಟೇಪು ಬೀಳುವುದಿಲ್ಲ. ಇನ್ನೊಂದು, ಮುಟ್ಟಿದ ಮೇಲೆ ದುಡ್ಡು ಕೊಡುವ ವ್ಯವಸ್ಥೆ. ಆರು ಪಾರ್ಸೆಲ್‌ನಲ್ಲಿ ಎರಡು ವಾಪಸ್ ಬಂದವು, ಹೋಗುವ ಖರ್ಚೂ ಬರುವ ಖರ್ಚೂ ನನ್ನದೇ. ನಿಲ್ಲಿಸಿದೆ.

13. ಡಿಸೆಂಬರ್ 15: ತೊಡದೇವು ಬಾಕಿ

ಹಪ್ಪಳಕ್ಕೆ ತೊಂದರೆಯೇ ಇಲ್ಲ. ಜೋನಿ ಸರಿಹೋಯಿತು. ತೊಡದೇವು ಇನ್ನೂ ಆಗಿಲ್ಲ. ಮಡಿಕೆಯ ಬೆನ್ನ ಮೇಲೆ ಹಚ್ಚಿ ಎತ್ತಿದ ಕಾಗದದಂಥ ತಿಂಡಿ, ಜೋರಾಗಿ ಉಸಿರು ಬಿಟ್ಟರೆ ಮುರಿಯುತ್ತದೆ. ಬಿಗಿಯಾಗಿ ಜೋಡಿಸಿದರೆ ಒಂದಕ್ಕೊಂದು ಒತ್ತಿ ಪುಡಿ, ಸಡಿಲ ಬಿಟ್ಟರೆ ಅಲ್ಲಾಡಿ ಪುಡಿ. ಗಾಳಿ ತುಂಬಿದ ಚೀಲದಲ್ಲಿ ಹಾಕಿದರೆ ಮುರಿಯುವುದು ಕಮ್ಮಿ, ಆದರೆ ಪೆಟ್ಟಿಗೆ ದೊಡ್ಡದಾಗಿ ಮತ್ತೆ ಆ 5000ದ ಭಾಗಾಕಾರಕ್ಕೆ ಸಿಕ್ಕಿಬೀಳುತ್ತೇನೆ.

ಕಳೆದ ವಾರ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಲ್ಲಿಸಿ, ಎರಡೆರಡರ ನಡುವೆ ಬೆಣ್ಣೆ ಕಾಗದ ಇಟ್ಟು, ಹನ್ನೆರಡನ್ನು ನಾದಿನಿಗೆ ಕಳಿಸಿದೆ. ಸಂಜೆ ಫೋನು ಬಂತು.

"ಅತ್ತಿಗೆ, ಏಳು ಹಂಗೇ ಇದೆ. ಉಳಿದ ಐದಕ್ಕೆ ಹಾಲು ಹಾಕ್ಕೊಂಡು ತಿಂದೆ."